ಮಿನಿಬಸ್ಸಿಗೊಂದು ಸಂಕಲ್ಪ

ವಿಘ್ನಗಳನ್ನು ಕಳೆಯುವವನಿಗೆ ಮೊದಲ ವಂದನೆ. ಅಕ್ಷರ ಕಲಿಸಿದ ಗುರುಗಳಿಗೆ ಅದರ ನಂತರದ್ದು. ಇನ್ನೊಂದು ವಂದನೆ, ಹೆಸರು ಕೂಡ ಕೇಳದೆ ನಾನು ಹತ್ತಿ ಇಳಿದ ವಾಹನಗಳ ಚಾಲಕರಿಗೆ. ಅವರು ಕಣ್ಣು ತೆರೆದು ಕುಳಿತಿದ್ದರಿಂದಲೇ ನಾನು ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಜಪ ಮಾಡುವುದು ಸಾಧ್ಯವಾಯಿತು. ನಾನು ಈ ವಯಸ್ಸನ್ನು ಮುಟ್ಟಿದ್ದರಲ್ಲಿ ಜಪದ ಪಾಲೆಷ್ಟು, ಅವರ ಪಾಲೆಷ್ಟು ಎಂದು ವಿಂಗಡಿಸುವ ಅಧಿಕಾರ ನನಗಿಲ್ಲ.

ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ಮೇಲಿನ ಮಾತು. ನಾರಾಯಣಗೂಡದ ನಮ್ಮ ಮನೆಯ ಹಿಂಭಾಗದಲ್ಲಿ ಹುಮನಾಬಾದಿನ ಕಡೆಯ ಒಬ್ಬ ಚಾಲಕನೂ ಅವನ ಹೆಂಡತಿಯೂ ಬಾಡಿಗೆಗಿದ್ದರು. ಅವನು ಬಟ್ಟೆಯ ವ್ಯಾಪಾರಿಯೊಬ್ಬರ ಸ್ವಂತ ಕಾರನ್ನು ಬಹುಕಾಲ ನಡೆಸಿದವನು. ವ್ಯಾಪಾರಿ ತೀರಿಕೊಂಡರು, ಮಕ್ಕಳು ಕಾರು ಮಾರಿದರು, ಇವನ ಕೆಲಸ ಹೋಯಿತು. ಕೊಂಡಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಚೇರಿಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಊರಿನ ಈ ತುದಿಯ ತರುಣ ತರುಣಿಯರನ್ನು ಆ ತುದಿಗೆ ಮುಟ್ಟಿಸಲು ಬಿಳಿಯ ಮಿನಿಬಸ್ಸುಗಳು ಓಡಲಾರಂಭಿಸಿದ್ದವು. ಅವುಗಳ ಗುತ್ತಿಗೆದಾರನೊಬ್ಬ ಇವನಿಗೆ ಒಂದು ಬಸ್ಸು ಕೊಡಲು ಒಪ್ಪಿದ. ಆದರೆ ತಿಂಗಳು ಮುಗಿಯುವುದರೊಳಗೆ ಬ್ಯಾಜ್ ತರಬೇಕು. ತರದಿದ್ದರೆ ಬಸ್ಸು ಬೇರೆಯವನಿಗೆ.

ಬ್ಯಾಜ್ ಎಂದರೆ ಬಾಡಿಗೆಯ ವಾಹನದಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ಸಾರಿಗೆ ಇಲಾಖೆ ಕೊಡುವ ಅನುಮತಿ. ಸ್ವಂತ ಕಾರಿನ ಲೈಸೆನ್ಸು ಅದಕ್ಕೆ ಸಾಲದು. ಆ ಲೈಸೆನ್ಸು ಸಿಕ್ಕು ವರ್ಷ ದಾಟಿರಬೇಕು, ಎಂಟನೆಯ ಇಯತ್ತೆ ಓದಿರಬೇಕು, ವೈದ್ಯರು ಕಣ್ಣು ಕಿವಿ ನೋಡಿ ಬರೆದುಕೊಡಬೇಕು. ಕೊನೆಗೆ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಡಿ ನಡೆಸಿ ತೋರಿಸಬೇಕು. ವೇದಾಧ್ಯಯನಕ್ಕೂ ಅರ್ಹತೆಗಳನ್ನು ಹೇಳಿದ್ದಾರೆ. ಆದರೆ ಅಲ್ಲಿ ಹಿಂದಕ್ಕೆ ನಡೆಸಿ ತೋರಿಸೆಂದು ಯಾರೂ ಕೇಳುವುದಿಲ್ಲ.

ಇವನಲ್ಲಿ ಎಲ್ಲ ಅರ್ಹತೆಗಳೂ ಇದ್ದವು. ಪರೀಕ್ಷೆಯ ದಿನ ನನ್ನ ಆಶೀರ್ವಾದ ಬೇಕೆಂದು ಇಲಾಖೆಯ ಮೈದಾನಕ್ಕೇ ಕರೆದೊಯ್ದ. ಮೈದಾನದ ತಿರುವಿನಲ್ಲಿ ಒಂದು ಪುಟ್ಟ ಹನುಮಂತನ ಗುಡಿ. ಬಸ್ಸು ಚೆನ್ನಾಗಿಯೇ ಹೊರಟಿತು. ಗುಡಿ ಎದುರಾದೊಡನೆ ಇವನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ. ಬಸ್ಸು ತನ್ನ ಪಾಡಿಗೆ ತಾನು ಸ್ವಲ್ಪ ದೂರ ಹೋಗಿ ಸುಣ್ಣದ ಗೆರೆಯನ್ನು ದಾಟಿತು.

"ಕ್ಯಾ ಮಿಯಾ, ಗಾಡಿ ಕೌನ್ ಚಲಾರಾ? ತೂ ಯಾ ಹನುಮಾನ್‌ಜೀ?" ಎಂದು ಅಧಿಕಾರಿ ಕೇಳಿದರಂತೆ. ಬಂಡಿ ನಡೆಸುತ್ತಿರುವುದು ನೀನೋ ಹನುಮಂತನೋ ಎಂಬ ಪ್ರಶ್ನೆಗೆ ಇವನು "ಇಬ್ಬರೂ ಸಾಬ್" ಎಂದನಂತೆ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ವಾರ ಬಿಟ್ಟು ಬಾ ಎಂದು ಕಳಿಸಿದರು. ವಾರ ಕಳೆದರೆ ತಿಂಗಳೂ ಮುಗಿಯುತ್ತಿತ್ತು. ಮತ್ತೊಮ್ಮೆ ಸೋತರೆ ಬಸ್ಸಿಲ್ಲ.

ಅಂದು ಸಂಜೆ ಅವನ ಹೆಂಡತಿ ನಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕುಳಿತು ಹೇಳಿದಳು: "ನೋಡ್ರಿ ಆಚಾರ್ರ, ಇವರ ಭಕ್ತಿ. ನೌಕರಿ ಹ್ವಾದ್ರ ಅದೇ ಎರಡೂ ಕೈಲೆ ಪಾತ್ರಿ ತಿಕ್ಕಬೇಕಾಗ್ತೈತಿ."

"ಒಂದ ಕೈ ಎತ್ತಿದ್ರ ಸಾಕಾಗ್ತಿತ್ತಲ್ಲಪ್ಪಾ," ಎಂದೆ ನಾನು, ಪಕ್ಕದಲ್ಲಿ ಕುಳಿತಿದ್ದ ಅವನಿಗೆ.

"ಅದ ಆಗೂದಿಲ್ರಿ. ಒಂದ ಕೈಲೆ ನಮಸ್ಕಾರ ಮಾಡಿದ್ರ ದೇವರನ್ನ ತಡದು ಲಿಫ್ಟ್ ಕೇಳಿದಂಗ ಅಂತಿದ್ಳು ನಮ್ಮವ್ವ. ನಮ್ಮ ಸಾವಕಾರ್ರೂ ಹಿಂದ ಕುಂತು ಎರಡೂ ಕೈ ಮುಗೀತಿದ್ರು. ಇಬ್ಬರೂ ಕೂಡೇ ಮುಗೀತಿದ್ವಿ."

"ಕಾರ್ ಯಾರು ನೋಡ್ತಿದ್ರು?" ಎಂದಳು ಹೆಂಡತಿ.

"ಭಾಳ ಸಾವಕಾಶ ಹೋಗ್ತಿದ್ವಿ."

ನಾನು ಮಾನಸಪೂಜೆಯ ವಿಷಯ ಹೇಳಿದೆ. ಹೂವು ಗಂಧಗಳಿಲ್ಲದೆ ಮನಸ್ಸಿನಲ್ಲೇ ಮಾಡುವ ಪೂಜೆಯನ್ನು ನಮ್ಮ ಹಿರಿಯರು ಹೊರಗಿನ ಪೂಜೆಗಿಂತ ಮೇಲೆಂದು ಎಣಿಸಿದ್ದಾರೆ. ಅವನು ಭಕ್ತಿಯಿಂದ ಕೇಳಿದ. ಆಮೇಲೆ ಹೇಳಿದ: "ದೇವರಿಗೆ ಗೊತ್ತಾಗ್ತೈತಿ, ಖರೆ. ನನ್ನ ಕೈಗೆ ಹ್ಯಾಂಗ ಗೊತ್ತಾಗಬೇಕ್ರಿ?"

ನಾನು ಓದಿದ ಗ್ರಂಥಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ರಾತ್ರಿಯ ಊಟದ ಹೊತ್ತಿಗೆ ಮಾತ್ರ ಸಂಕಲ್ಪದ ನೆನಪಾಯಿತು. ಪೂಜೆಗೆ ಕೂರುವ ಮುನ್ನ ನಾವು ದೇಶಕಾಲಗಳನ್ನು ಹೇಳಿ, ಇಂಥದನ್ನು ಮಾಡುತ್ತೇನೆಂದು ನಿಶ್ಚಯಿಸಿ ನುಡಿಯುತ್ತೇವೆ. ಹಾದಿಯ ನಮಸ್ಕಾರಗಳನ್ನೆಲ್ಲ ಬಂಡಿ ಹೊರಡುವ ಮೊದಲೇ ನಿಂತು ಮಾಡಿಬಿಟ್ಟರೆ ಕೈಗಳಿಗೆ ದಾರಿಯಲ್ಲಿ ಬಾಕಿ ಏನಿರುತ್ತದೆ? ಮರುದಿನ ಅವನನ್ನು ಕೂರಿಸಿಕೊಂಡು, ಅವನ ಮಾತಿನಲ್ಲಿಯೇ ಒಂದು ಸಂಕಲ್ಪವನ್ನು ಕಟ್ಟಿದೆ:

"ಇವತ್ತ ಈ ಹಾದಿಯೊಳಗ ಎಡಕ್ಕ ಬರೋ ದೇವರು, ಬಲಕ್ಕ ಬರೋ ದೇವರು, ನಾ ನೋಡಿದವರು, ನೋಡದೇ ಬಿಟ್ಟವರು, ಎಲ್ಲಾರಿಗೂ ಈಗ ಇಲ್ಲೇ ಎರಡೂ ಕೈಲೆ ನಮಸ್ಕಾರ. ಗಾಡಿ ನಡದಾಗ ಕೈ ಸ್ಟೇರಿಂಗ್ ಮ್ಯಾಲ ಇರ್ತಾವು, ಸಿಟ್ಟಾಗಬ್ಯಾಡ್ರಿ."

ಅವನು ಬಾಯಿಪಾಠ ಮಾಡಿ, ತಡೆದು ಕೇಳಿದ: "ಹಾದ್ಯಾಗ ಒಂದು ದರ್ಗಾ ಬರ್ತೈತ್ರಿ. ಅಲ್ಲೂ ಮುಗೀತೀನಿ."

ನನ್ನ ಪಾಠಶಾಲೆಯಲ್ಲಿ ಈ ಪ್ರಶ್ನೆ ಎದ್ದಿರಲಿಲ್ಲ. "ಎಡಕ್ಕ ಅದನೋ, ಬಲಕ್ಕೋ?" ಎಂದೆ.

"ಎಡಕ್ಕರಿ."

"ಹಂಗಾದ್ರ ಬಂತಲ್ಲ."

ಅಭ್ಯಾಸದ ಭಾರವನ್ನು ಹೆಂಡತಿ ಹೊತ್ತಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಸ್ಟೇರಿಂಗಿನ ಬದಲು ಊಟದ ತಾಟನ್ನು ಕೊಟ್ಟು, ನನ್ನ ದೇವರಮನೆಯ ಗಂಟೆಯನ್ನು ಎರವಲು ತಂದು ಹಿಂದಿನಿಂದ ಬಾರಿಸುವಳು. ಮೊದಮೊದಲು ಗಂಟೆ ಕೇಳಿದೊಡನೆ ತಾಟು ನೆಲಕ್ಕೆ ಬೀಳುತ್ತಿತ್ತು. "ಹೋತು, ಎಲ್ಲಾರೂ ಹಳ್ಳಕ್ಕ ಬಿದ್ರು," ಎನ್ನುವಳು ಅವಳು, "ಪಾಪ, ಈಗಷ್ಟೇ ನೌಕರಿಗೆ ಸೇರಿದ ಹುಡುಗೂರು." ಅವನು ತಾಟನ್ನೆತ್ತಿಕೊಂಡು, ಸಂಕಲ್ಪವನ್ನು ಮತ್ತೊಮ್ಮೆ ಹೇಳಿ, ಮತ್ತೆ ಕೂರುವನು. ಆ ವಾರ ನನ್ನ ಪೂಜೆ ಗಂಟೆಯಿಲ್ಲದೆ ನಡೆಯಿತು. ವಾರದ ಕೊನೆಗೆ ತಾಟು ಬೀಳುವುದು ಕಡಿಮೆಯಾಯಿತು, ನಿಂತಿತೆಂದು ಹೇಳಲಾರೆ.

ಎರಡನೆಯ ಪರೀಕ್ಷೆಗೂ ಹೋದೆ. ಅದೇ ಅಧಿಕಾರಿ. ಇವನು ಬಸ್ಸಿನ ಮುಂದೆ ನಿಂತು, ಕೈಮುಗಿದು, ಸಂಕಲ್ಪವನ್ನು ಒಂದಕ್ಷರವೂ ಬಿಡದೆ ಹೇಳಿದ. ಸಾಲಿನಲ್ಲಿದ್ದವರು ಹಾರನ್ ಬಾರಿಸಿದರು. ಅವನು ಅವಸರ ಮಾಡಲಿಲ್ಲ. ಅವಸರವನ್ನು ನಾನು ಕಲಿಸಿಯೂ ಇರಲಿಲ್ಲ. ಬಸ್ಸು ಹೊರಟಿತು. ಅದು ತಿರುವಿಗೆ ಬರುವುದಕ್ಕೂ, ಗುಡಿಗೆ ಬಂದ ಯಾರೋ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ನಾನು ಬೇವಿನ ಮರದ ಕೆಳಗೆ ನಿಂತು, ಆ ಹೊತ್ತಿಗೆ ತೋಚಿದ ಸ್ತೋತ್ರವನ್ನೆಲ್ಲ ಹೇಳಿದೆ.

ಒಳಗೆ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಬೆರಳುಗಳು ಮೇಲೆದ್ದಿದ್ದವಂತೆ, ಅಂಗೈ ಎದ್ದಿರಲಿಲ್ಲ. ಪಕ್ಕದಲ್ಲಿದ್ದ ಅಧಿಕಾರಿ ಮಾತ್ರ ಗುಡಿಯತ್ತ ತಿರುಗಿ ಎರಡೂ ಕೈ ಮುಗಿದರಂತೆ. ಅವರು ಸ್ಟೇರಿಂಗ್ ಹಿಡಿದಿರಲಿಲ್ಲವಾದ್ದರಿಂದ ಅದು ನಿಯಮಕ್ಕೆ ವಿರುದ್ಧವಲ್ಲ.

"ಆಜ್ ಸಲಾಂ ನಹೀಂ ಕರೇ?" ಎಂದು, ಇವತ್ತು ನಮಸ್ಕಾರ ಇಲ್ಲವೇ ಎಂಬರ್ಥದಲ್ಲಿ, ಕೇಳಿದರಂತೆ.

"ಪೈಲೇಚ್ ಕರ್‌ಲಿಯಾ ಸಾಬ್," ಎಂದನಂತೆ ಇವನು. ಮೊದಲೇ ಮಾಡಿ ಮುಗಿಸಿದ್ದೇನೆ ಎಂದರ್ಥ.

ಅಧಿಕಾರಿ ಬಸ್ಸನ್ನು ಹಿಂದಕ್ಕೆ ನಡೆಸಲು ಹೇಳಿದರು. ಅದನ್ನೂ ನೋಡಿ ಸಹಿ ಮಾಡಿದರು.

ಆ ದಿನದಿಂದ ಬಿಳಿಯ ಬಸ್ಸು ಬೆಳಗ್ಗೆ ನಮ್ಮ ಓಣಿಯ ಬಾಯಿಯಲ್ಲಿ ನಿಲ್ಲುತ್ತಿತ್ತು. ಸಂಕಲ್ಪ ಮುಗಿಯದೆ ಅದು ಹೊರಡುತ್ತಿರಲಿಲ್ಲ. ಕೊರಳಿಗೆ ಗುರುತಿನ ಚೀಟಿ ಕಟ್ಟಿಕೊಂಡ ತರುಣರು ಮೊದಲು ಗಡಿಯಾರ ನೋಡಿದರು, ಗುತ್ತಿಗೆದಾರನಿಗೆ ದೂರಿದರು. ಹತ್ತು ನಿಮಿಷ ಮೊದಲೇ ಬಂದು ಏನು ಬೇಕಾದರೂ ಹೇಳಿಕೋ ಎಂದು ಅವನು ಅಪ್ಪಣೆ ಕೊಡಿಸಿದ. ದೂರು ಅಲ್ಲಿಗೆ ಮುಗಿಯಿತು.

ಸಹಿ ಮಾಡಿದ ಅಧಿಕಾರಿಗೆ ಆಯುಷ್ಯವಿರಲಿ. ಬಸ್ಸನ್ನು ತಿಂಗಳ ಕೊನೆಯವರೆಗೆ ಕಾದಿರಿಸಿದ ಗುತ್ತಿಗೆದಾರನಿಗೆ ಲಾಭವಿರಲಿ. ಗಂಟೆ ಬಾರಿಸಿದ ಆ ಸಾಧ್ವಿಗೆ ಸೌಭಾಗ್ಯವೂ ಸ್ವಲ್ಪ ವಿಶ್ರಾಂತಿಯೂ ದೊರೆಯಲಿ. ಹಿಂದಿನ ಆಸನಗಳಲ್ಲಿ ತೂಕಡಿಸುತ್ತ ಕೊಂಡಾಪುರ ಸೇರಿದ ಮಕ್ಕಳೆಲ್ಲ ಸುಖವಾಗಿರಲಿ. ನಮಸ್ಕಾರಗಳನ್ನು ಒಟ್ಟಿಗೆ ಸ್ವೀಕರಿಸಲು ಒಪ್ಪಿದ ಹಾದಿಯ ಎಡಬಲದ ದೇವತೆಗಳು, ಸ್ಟೇರಿಂಗ್ ಹಿಡಿದ ಎಲ್ಲ ಕೈಗಳನ್ನೂ ಕಾಪಾಡಲಿ.