ದಾನವ್ವ ‘ಕಾಯಂ’ ಎಂದು ಬರೆದರೆ

ಬೆಳಗಿನ ಆರೂವರೆ. ಮುಂಬೈಯ ಮಲಾಡ್‌ನ ಈ ಆಫೀಸ್ ಬಿಲ್ಡಿಂಗಿನಲ್ಲಿ ಕಸ ಗುಡಿಸುವವರು ಇನ್ನೂ ಎರಡನೇ ಮಹಡಿಯಲ್ಲೇ ಇದ್ದಾರೆ. ಐದನೆಯದರಲ್ಲಿ ಒಂದು ಕೋಣೆಗೆ ಮಾತ್ರ ದೀಪ ಹತ್ತಿದೆ. ಐವತ್ತರ ಹತ್ತಿರದ ದಾನವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉದ್ದನೆಯ ಮೇಜಿನ ಮೇಲಿರುವ ಹಳೆಯ ಯಂತ್ರಗಳಿಗೆ ಒಂದೊಂದಾಗಿ ಸ್ವಿಚ್ ಹಾಕುತ್ತಿದ್ದಾರೆ. ಲಿಫ್ಟ್ ನಡೆಸುವ ಪೆಟ್ಟಿಗೆ, ಕಿರಾಣಿ ಅಂಗಡಿಯ ತಕ್ಕಡಿ, ಮೂಲೆ ಒಡೆದ ಟಿಕೆಟ್ ಯಂತ್ರ. ತಕ್ಕಡಿ ಕುಂಯ್ ಎನ್ನುತ್ತದೆ. “ಎದ್ದೇನ?” ಎಂದು ಅದನ್ನು ವಿಚಾರಿಸಿ ಮುಂದಿನದಕ್ಕೆ ಹೋಗುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನ್ನ ಸರದಿ ಇವೆಲ್ಲ ಎದ್ದ ಮೇಲೆ.

ಈ ಯಂತ್ರಗಳೊಳಗೆಲ್ಲ ಒಂದೇ ಆಪರೇಟಿಂಗ್ ಸಿಸ್ಟಮ್ ಇದೆ, ಅದನ್ನು ತಯಾರಿಸುವುದು ದಾನವ್ವನ ಕಂಪನಿ. ಹೌಸಿಂಗ್ ಸೊಸೈಟಿಯಲ್ಲಿ ನೀರಿಗೋ ಪಾರ್ಕಿಂಗಿಗೋ ಆಫೀಸಿನಲ್ಲಿ ಇಂಥದೇ ರೀತಿ ಕೇಳಬೇಕೆಂಬ ನಿಯಮ ಇರುತ್ತದಲ್ಲ, ಹಾಗೆ ಯಂತ್ರದ ಪ್ರೋಗ್ರಾಮು ಕೂಡ ಸಿಸ್ಟಮ್ಮನ್ನು ಗೊತ್ತಾದ ರೀತಿಯಲ್ಲೇ ಕೇಳಬೇಕು. ಆ ಕೇಳುವ ರೀತಿಗಳಿಗೆ ಇಂಟರ್‌ಫೇಸ್ ಎನ್ನುತ್ತಾರೆ. ಒಂದೊಂದರ ಎದುರೂ ಅದು ಕಾಯಂ ಇರುತ್ತದೋ, ಬದಲಾಗಬಹುದೋ, ಸದ್ಯದಲ್ಲೇ ಹೋಗುತ್ತದೋ ಎಂದು ಕಂಪನಿಯ ವೆಬ್ ಪುಟದಲ್ಲಿ ಬರೆದಿಡುವುದು ದಾನವ್ವನ ಕೆಲಸ. ಬರೆಯುವ ಮುನ್ನ ತಾವೇ ಯಂತ್ರದ ಮೇಲೆ ನಡೆಸಿ ನೋಡುತ್ತಾರೆ, ದಿನಕ್ಕೆ ಮೂವತ್ತೋ ನಲವತ್ತೋ. ಹೊಸ ಆ್ಯಪ್ ಬಂದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ನಿನ್ನೆ ನಡೆದ ಯಂತ್ರ ಇವತ್ತೂ ನಡೆದರೆ ಯಾರು ತಟ್ಟುತ್ತಾರೆ? ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಅವರಿಗೆ ಅನ್ನಿಸುವುದಿಲ್ಲ.

ಹುಟ್ಟಿದ್ದು ವಿಜಯಪುರದ ಕಡೆ, ಬೆಳೆದದ್ದು ಆಂಟಾಪ್ ಹಿಲ್‌ನಲ್ಲಿ. ತಂದೆ ಬಂದರಿನಲ್ಲಿ ಮೂಟೆ ಹೊತ್ತರು, ತಾಯಿ ಬಸಲಿಂಗವ್ವ ಕಟ್ಟಡದ ಕೆಲಸಕ್ಕೆ ಹೋಗಿ ಮಗಳನ್ನು ಬಿ.ಎಸ್ಸಿ. ಓದಿಸಿದರು. ಮೊದಲ ನೌಕರಿ ಮಿಕ್ಸರ್ ಜೊತೆ ಬರುವ ಪುಸ್ತಿಕೆ ಬರೆಯುವುದು. “ಅದನ್ನ ಯಾರೂ ಓದಂಗಿಲ್ರಿ. ಮಿಕ್ಸರ್ ಸುಟ್ಟ ಮ್ಯಾಲ ಓದ್ತಾರ.” ಮಗಳು ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ ಎಂದು ಬಸಲಿಂಗವ್ವ ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೀಗಾಗಿ ಭಾನುವಾರ ಬಂತೆಂದರೆ ಬಿಲ್ಡಿಂಗಿನ ಕೆಟ್ಟ ಮೊಬೈಲುಗಳೆಲ್ಲ ಇವರ ಬಾಗಿಲಿಗೆ.

ವಡಾಳಾದಲ್ಲಿ ಗೋರೆಗಾಂವ್ ಲೋಕಲ್ ರೈಲು ಹಿಡಿದು, ಅಲ್ಲಿ ಇಳಿದು ಮಲಾಡ್‌ಗೆ ಇನ್ನೊಂದು ಹತ್ತುವ ಈ ಓಡಾಟ ಶುರುವಾಗಿ ಬಹಳ ವರ್ಷವಾಯಿತು. ಖರ್ಚು ಇಳಿಸುವ ಮಾತು ಬಂದಾಗ ಕಂಪನಿಗಳ ಕಣ್ಣಿಗೆ ಮೊದಲು ಬೀಳುವವರು ಬರೆಯುವವರೇ. ಒಮ್ಮೆ ದಾನವ್ವನನ್ನೂ ಮನೆಗೆ ಕಳಿಸಿದರು. ಗಿರಾಕಿಗಳ ದೂರು ತಡೆಯಲಾರದೆ ಮತ್ತೆ ಕರೆಸಿಕೊಂಡರು, ಆದರೆ ವರ್ಷದ ಕರಾರಿನ ಮೇಲೆ. ಕಾಯಂ ಎಂದು ಬರೆಯುವವರ ಕೆಲಸವೇ ಕಾಯಂ ಅಲ್ಲವಲ್ಲ ಎಂದು ಕೆಣಕಿದರೆ ಜೋರಾಗಿ ನಗುತ್ತಾರೆ. ನನಗೇನೂ ನಗು ಬರಲಿಲ್ಲ.

ಸಿಸ್ಟಮ್ಮಿನ ಹೊಸ ಆವೃತ್ತಿ ಹೊರಡುವ ಮೊದಲು ಸಣ್ಣ ಗಿರಾಕಿಗಳಿಗೆ ತಾವೇ ಫೋನ್ ಮಾಡುವುದು ದಾನವ್ವನ ಪದ್ಧತಿ. ಪುಟ ಓದಿ ಎಂದರೆ ಯಾರೂ ಓದುವುದಿಲ್ಲ ಎಂಬುದು ಮಿಕ್ಸರ್ ಕಾಲದಿಂದ ಗೊತ್ತು. ಹೋದ ತಿಂಗಳು ಹಾಗೆ ಮುಲುಂಡ್‌ನ ಸಪ್ನಾಗೆ ಫೋನ್ ಹೋಯಿತು. ದವಾಖಾನೆಗಳಲ್ಲಿ ಇನ್ಸುಲಿನ್ ಇಡುವ ಪುಟ್ಟ ಫ್ರಿಜ್ ತಯಾರಿಸುವ ವರ್ಕ್‌ಶಾಪ್ ಸಪ್ನಾದು. ಅದಕ್ಕೆ ಎರಡು ಸೆನ್ಸರ್. ಮೊದಲನೆಯದು ಒಳಗಿನ ಥಂಡಿ ಅಳೆಯುತ್ತದೆ, ಎರಡನೆಯದು ಹೊರಗಿನ ಸೆಕೆ. ಜೋಡಿಸಿದ ಕ್ರಮದಲ್ಲೇ ಸಿಸ್ಟಮ್ ಅವುಗಳ ಲೆಕ್ಕ ಕೊಡುತ್ತದೆ, ಅದು ಕಾಯಂ ಎಂದು ನಿಮ್ಮ ಪುಟದಲ್ಲಿದೆ, ಅದನ್ನೇ ನಂಬಿದ್ದೇವೆ ಎಂದರು ಸಪ್ನಾ.

ದಾನವ್ವನಿಗೆ ತಟ್ಟನೆ ಹೊಳೆಯಿತು. ಹೊಸ ಆವೃತ್ತಿಯಲ್ಲಿ ಆ ಕ್ರಮ ಇಲ್ಲ, ಯಾವ ಸೆನ್ಸರ್ ಬೇಗ ಉತ್ತರಿಸುತ್ತದೋ ಅದೇ ಮೊದಲು. ಮುಂಬೈಯ ಸೆಕೆಯನ್ನೇ ಒಳಗಿನದೆಂದು ತಿಳಿದು ಫ್ರಿಜ್ ಥಂಡಿ ಮಾಡುತ್ತಲೇ ಹೋದರೆ ಇನ್ಸುಲಿನ್ ಹೆಪ್ಪುಗಟ್ಟಿ ಹಾಳು. ಹೊಸ ಆವೃತ್ತಿಯೋ, ದವಾಖಾನೆಗಳಲ್ಲಿರುವ ಫ್ರಿಜ್‌ಗಳಿಗೆ ತಾನಾಗಿಯೇ ಹೋಗಿ ಕೂರುವಂಥದ್ದು.

ಕ್ರಮ ಕಾಯಂ ಎಂದು ಎಂಜಿನಿಯರುಗಳು ಯಾವತ್ತೂ ಮಾತು ಕೊಟ್ಟಿರಲಿಲ್ಲ. ಹಳೆಯ ಸಿಸ್ಟಮ್‌ನಲ್ಲಿ ಅದು ಹಾಗೇ ಬರುತ್ತಿತ್ತು, ಅಷ್ಟೆ. ಮತ್ತೆ ಮತ್ತೆ ಹಾಗೇ ಬಂದದ್ದನ್ನು ನೋಡಿ ದಾನವ್ವ, ಯಾರನ್ನೂ ಕೇಳದೆ ಕಾಯಂ ಎಂದೇ ಬರೆದುಬಿಟ್ಟಿದ್ದರು. ಇದು ಈ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. “ನಾ ಕಂಡದ್ದು ಸುಳ್ಳಲ್ರಿ. ಆದ್ರ ಕಾಣೂದು ಬ್ಯಾರೆ, ಮಾತು ಕೊಡೂದು ಬ್ಯಾರೆ. ಕಂಡದ್ದನ್ನ ಮಾತು ಕೊಟ್ಟಂಗ ಬರದುಬಿಟ್ಟೆ.”

ತಂಡದ ಮುಖ್ಯಸ್ಥ ಕಿಶೋರ ಧಾರವಾಡದವರ ಮಗ, ಮುಂಬೈಯಲ್ಲೇ ಹುಟ್ಟಿದವನು, ಕನ್ನಡ ಕುಂಟುತ್ತದೆ. ಹುಡುಗ ಒಳ್ಳೆಯವನೇ, ಆದರೆ ಆವೃತ್ತಿ ಹೊರಡಿಸುವ ಆತುರದಲ್ಲಿದ್ದ. “ಅಕ್ಕಾ, ಏಕ್ ಲೈನ್ ಡಿಲೀಟ್ ಮಾಡ್ರಿ, ಬಸ್. ನಾವ್ ಪ್ರಾಮಿಸ್ ಮಾಡೇ ಇಲ್ಲ,” ಎಂದ. ಅಳಿಸಿದ್ದರೆ ಆ ಸಾಲು ಯಾರು ಬರೆದದ್ದೆಂದು ಯಾರೂ ಕೇಳುತ್ತಿರಲಿಲ್ಲ. ಕರಾರು ಹೊಸದಾಗುವ ದಿನ ಬೇರೆ ಹತ್ತಿರ ಬಂದಿತ್ತು, ಸುಮ್ಮನಿದ್ದರೆ ದಾನವ್ವನಿಗೇ ಕ್ಷೇಮ.

“ಪ್ರಾಮಿಸ್ ನಾ ಮಾಡೇನಲ್ಲ,” ಎಂದರು ದಾನವ್ವ. “ಪುಟದಾಗಿಂದ ಅಳಸಬಹುದು ಕಿಶೋರ. ದವಾಖಾನ್ಯಾಗ ಕುಂತ ಫ್ರಿಜ್‌ದಾಗಿಂದ ಹೆಂಗ ಅಳಸ್ತಿ?”

ಮರುದಿನದ ಮೀಟಿಂಗಿನಲ್ಲಿ ಮೇಲಿನವರೆಲ್ಲರ ಎದುರು, ತಪ್ಪು ತಮ್ಮದು, ಆದರೆ ಅದನ್ನು ನಂಬಿದವರದಲ್ಲ ಎಂದು ಹೇಳಿ ಕೂತರು. ಮೊದಲು ಬಾಯಿ ಬಿಟ್ಟವನು ಕಿಶೋರನೇ. ಹಳೆಯ ಇಂಟರ್‌ಫೇಸ್ ಹಳೆಯ ಕ್ರಮದಲ್ಲೇ ಇರಲಿ, ವೇಗದ ಹೊಸ ರೀತಿಗೆ ಬೇರೆ ಹೆಸರು ಕೊಡುತ್ತೇನೆ, ಒಂದು ವಾರ ಬೇಕು ಎಂದ. ಮೇಲಿನವರು ಮುಖ ಸಿಂಡರಿಸಿಯೇ ಒಪ್ಪಿದರು. ದಾನಕ್ಕನ ಒಂದು ಸಾಲನ್ನು ಜನ್ಮವಿಡೀ ಹೊರಬೇಕಾಯಿತು ಎಂದು ಅವನೀಗ ಕ್ಯಾಂಟೀನಿನಲ್ಲಿ ಎಲ್ಲರೆದುರು ಗೊಣಗುತ್ತಾನೆ, ಗೊಣಗುತ್ತಲೇ ಅವರಿಗೆ ಚಹಾ ತಂದುಕೊಡುತ್ತಾನೆ. ಕರಾರೂ ಹೊಸದಾಗಿದೆ. ಮತ್ತೆ ಒಂದೇ ವರ್ಷಕ್ಕೆ, ಅದು ಬೇರೆ ಮಾತು.

ಸಪ್ನಾ ಕಳಿಸಿದ ಫ್ರಿಜ್ ಒಂದು ಈಗ ಇಲ್ಲಿಯ ಮೇಜಿನ ತುದಿಯಲ್ಲಿದೆ. ದಾನವ್ವ ಅದರ ಬಾಗಿಲು ತೆಗೆದು ಕೈ ಇಟ್ಟು ನೋಡುತ್ತಾರೆ. ತಣ್ಣಗಿದೆ, ಹೆಪ್ಪುಗಟ್ಟುವಷ್ಟಲ್ಲ. ಹೊಸ ಆವೃತ್ತಿ ಹೊರಟು ಇವತ್ತಿಗೆ ಒಂದು ವಾರ, ಮುಲುಂಡ್‌ನಿಂದ ದೂರಿನ ಫೋನ್ ಬಂದಿಲ್ಲ. ಪತ್ರಿಕೆಗೆ ಏನು ಬರೆಯಲಿ, ಏನಾಯಿತು ಎನ್ನಲಿ ಎಂದು ಕೇಳುತ್ತೇನೆ.

“ಏನೂ ಆಗ್ಲಿಲ್ಲ ಅಂತ ಬರೀರಿ,” ಎನ್ನುತ್ತಾರೆ ದಾನವ್ವ, ಮುಖದ ತುಂಬ ಖುಷಿ. “ನಮ್ಮ ಕೆಲಸದಾಗ ಅದಕ್ಕಿಂತ ದೊಡ್ಡ ಸುದ್ದಿ ಇಲ್ರಿ.”