ಅಮ್ಮ ಹಿಡಿದ ಬೆಟ್ಟ

ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಆಕಾಶದಕ್ಕ ಎಂದೇ. ಕ್ಯಾಮೆರಾ ಸೆರೆಹಿಡಿದ ದೃಶ್ಯದಲ್ಲಿ ಇಲ್ಲದ ಆಕಾಶ, ಬೆಟ್ಟ, ಕೋಟೆಗಳನ್ನು ಬರೆದು ಸೇರಿಸುವುದು ಆಕೆಯ ಕೆಲಸ. ಸಿನಿಮಾದವರ ಮಾತಿನಲ್ಲಿ ಅದು ಮ್ಯಾಟ್ ಪೇಂಟಿಂಗ್. ಮೂವತ್ತೊಂದು ವರ್ಷದ ಹಿಂದೆ ಶುರುಮಾಡಿದಾಗ ಬಾಗಿಲಗಲದ ಗಾಜಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದರು. ನಟರು ಕಾಣಬೇಕಾದಷ್ಟು ಜಾಗವನ್ನು ಖಾಲಿ ಬಿಡುತ್ತಿದ್ದರು. ಈಗ ಗಾಜು ಹೋಗಿ ಕಂಪ್ಯೂಟರ್ ಬಂದಿದೆ. ಆದರೆ ನಿಜ ಮುಗಿದು ಚಿತ್ರ ಶುರುವಾಗುವ ಗೆರೆ ಇಂದಿಗೂ ಯಾರ ಕಣ್ಣಿಗೂ ಬೀಳಕೂಡದು.

ಅದನ್ನು ಪರೀಕ್ಷಿಸಲು ಆಕೆಗಿದ್ದ ಒರೆಗಲ್ಲು ಅಮ್ಮ. ಪ್ರತಿ ಸಿನಿಮಾ ಬಿಡುಗಡೆಗೆ ತಿಂಗಳಿರುವಾಗ ಅಮ್ಮನನ್ನು ಕರೆತಂದು ಸ್ಟುಡಿಯೋದ ಪುಟ್ಟ ಚಿತ್ರಮಂದಿರದಲ್ಲಿ ಕೂರಿಸುತ್ತಿದ್ದರು. ನಲವತ್ತು ವರ್ಷ ಬಟ್ಟೆ ಹೊಲಿದ ಅಮ್ಮ, ಒಂದು ನೂಲು ಓರೆಯಾದರೂ ಬಿಡುವವರಲ್ಲ. ಮಗಳ ಕೆಲಸವನ್ನು ಮಾತ್ರ ಒಂದು ಸಲವೂ ಪತ್ತೆಹಚ್ಚಿರಲಿಲ್ಲ. "ದಿನವಿಡೀ ಕೂತ್ಕೊಂಡು ಅದೇನ್ ಮಾಡ್ತೀಯೋ!" ಎಂದು ಗೊಣಗುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಆಕೆಗೆ ಬೇಕಿರಲಿಲ್ಲ.

ಕಳೆದ ವರ್ಷ ಅಮ್ಮ ಹಿಡಿದರು. ಪರದೆಯ ಮೇಲೆ ರೈಲು ನಿಲ್ದಾಣ ಬಂದದ್ದೇ, "ಆ ಬೆಟ್ಟ ನಿಂದೇ ಅಲ್ವೇನೇ? ಬುಡಕ್ಕೆ ನೀಲಿ ದಾರದ ಹೊಲಿಗೆ ಹಾಕ್ದಂಗಿದೆ" ಎಂದರು.

ಆಕಾಶದಕ್ಕ ಪರದೆಯತ್ತ ಬಾಗಿದರು. ಬೆಟ್ಟ ಆಕೆಯದೇ. ಆದರೆ ಎಷ್ಟು ದಿಟ್ಟಿಸಿದರೂ ಆ ನೀಲಿ ಆಕೆಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಸಂಕಲನಕಾರನನ್ನು ಕೇಳಿದರು.

"ಇದೆ ಅಕ್ಕಾ," ಎಂದು ಆತ ತಲೆ ತುರಿಸಿಕೊಂಡ. "ಬೇಕಂತಲೇ ಬಿಟ್ಟಿದ್ದೀರೇನೋ ಅಂದ್ಕೊಂಡೆ. ಆಕಾಶದಕ್ಕಂಗೆ ಬಣ್ಣ ಹೇಳ್ಕೊಡೋಕೆ ನಾನ್ಯಾರು?"

"ನನ್ನ ಹೊಗಳಿ ಹೊಗಳೀನೇ ಕೆಡಿಸಿದ್ರಿ ಕಣಯ್ಯಾ."

ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗೆ, ತೆಳು ನೀಲಿಗಳೆಲ್ಲ ಅಳಿಸಿಹೋಗುತ್ತವೆ ಎಂದರು ಕಣ್ಣಿನ ವೈದ್ಯೆ. ಬೆಟ್ಟವನ್ನು ಬೇರೆಯವರು ತಿದ್ದಲಿ, ನೀವು ಇನ್ನು ಹೊಸಬರಿಗೆ ಪಾಠ ಹೇಳಿಕೊಡಿ ಎಂದರು ನಿರ್ದೇಶಕರು. ಮರ್ಯಾದೆಯಿಂದಲೇ ಹೇಳಿದ್ದರು. ಆದರೂ ಅದು ಕುರ್ಚಿ ಬಿಟ್ಟೇಳಿ ಎಂಬ ಮಾತೇ. ಬೆಟ್ಟವನ್ನು ತಾವೇ ತಿದ್ದಲು ಆಕೆ ಮೂರು ವಾರ ಕೇಳಿ ಪಡೆದರು.

ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಆ ಕಣ್ಣಿಗೆ ಅಡುಗೆಮನೆಯ ಗೋಡೆ ಬೆಳ್ಳಗೆ ಕಂಡರೆ, ಎಡಗಣ್ಣಿಗೆ ಚಹಾ ಚೆಲ್ಲಿದಂತೆ ಕಾಣುತ್ತಿತ್ತು. ವೈದ್ಯೆ ಒಪ್ಪಿಗೆ ಕೊಟ್ಟ ದಿನವೇ ಸ್ಟುಡಿಯೋಗೆ ಹೋಗಿ ದೃಶ್ಯ ತೆರೆದರು. ಬೆಟ್ಟದ ಬುಡದಲ್ಲಿ ನೀಲಿ ಗೆರೆ ಹಗ್ಗದಂತೆ ಬಿದ್ದಿತ್ತು. ಒಬ್ಬರೇ ಇದ್ದರೂ ನಾಚಿಕೆಯಾಯಿತು. ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು, ನಾಲ್ಕು ದಿನ ಕೂತು, ಬೆಟ್ಟವನ್ನು ಮೊದಲಿನಿಂದ ಬರೆದರು.

ಅಮ್ಮನನ್ನು ಮತ್ತೆ ಕರೆತಂದರು. ನಿರ್ದೇಶಕರೂ ಹಿಂದಿನ ಸಾಲಿನಲ್ಲಿ ಬಂದು ಕೂತರು. ನಿಲ್ದಾಣ ಬಂತು, ರೈಲು ಬಂತು, ಬೆಟ್ಟ ಬಂತು. ಆಕೆ ಪರದೆ ಬಿಟ್ಟು ಅಮ್ಮನ ಮುಖವನ್ನೇ ನೋಡುತ್ತಿದ್ದರು.

"ಸಿಕ್ತು!" ಎಂದು ಅಮ್ಮ ಬೆರಳು ಎತ್ತಿದರು. "ಆ ಮೂಲೇಲಿರೋ ಮರ. ನೋಡು, ಒಂದೆಲೇನೂ ಅಲ್ಲಾಡ್ತಿಲ್ಲ. ಅದು ನಿಂದೇ."

ಅದು ನಿಲ್ದಾಣದಲ್ಲಿ ನಿಜವಾಗಿಯೂ ಇದ್ದ ಮರ, ಆಕೆ ಬರೆದದ್ದಲ್ಲ. ಹಿಂದಿನ ಸಾಲಿನಲ್ಲಿ ನಿರ್ದೇಶಕರು ಗಟ್ಟಿಯಾಗಿ ನಕ್ಕರು.

"ಹೌದಮ್ಮ," ಎಂದರು ಆಕಾಶದಕ್ಕ. "ಆವತ್ತು ಗಾಳಿ ಬರೆಯೋದು ಮರ್ತುಬಿಟ್ಟೆ."