ಮೊರದಲ್ಲಿ ಮಾರಿದ ಮಗಳು

ಹನುಮಮ್ಮನಿಗೆ ಅಕ್ಷರ ಬಾರದು. ಆದರೆ ಮಂದೆಯಲ್ಲಿ ನೂರಿಪ್ಪತ್ತು ಕುರಿ ಇದ್ದರೆ ನೂರಿಪ್ಪತ್ತರದೂ ತಾಯಿ ಯಾವುದು, ಅಜ್ಜಿ ಯಾವುದು, ಯಾವ ಟಗರಿಗೆ ಹುಟ್ಟಿದ್ದು ಎಂದು ಬೆರಳು ಮಡಿಸದೆ ಹೇಳುತ್ತಿದ್ದಳು. ಯಾವುದಾದರೂ ಟಗರಿನ ಮರಿಗಳು ಹಿಂಗಾಲು ಎಳೆಯುತ್ತವೆ ಎಂದು ಅವಳ ಕಣ್ಣಿಗೆ ಬಿದ್ದರೆ ಆ ಟಗರು ಮುಂದಿನ ವಾರ ಶಿಕಾರಿಪುರದ ಸಂತೆ ಕಂಡಿತೆಂದೇ ತಿಳಿಯಬೇಕು. ಕುರಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವಳು ಮನುಷ್ಯರ ವಿಷಯದಲ್ಲಿ ಏನು ಮಾಡಿಯಾಳು? ಅವಳು ಸೊಸೆಯಾಗಿ ಬಂದ ಮನೆಯಲ್ಲಿ ಗಂಡಸಾಗಲಿ ಹೆಂಗಸಾಗಲಿ, ಮೂವತ್ತು ದಾಟಿದ ಮೇಲೆ ಕೆಲವರಿಗೆ ಕಾಲು ಸೋಲುತ್ತಿತ್ತು. ಮೊದಲು ಬದು ಹತ್ತುವಾಗ ಮುಗ್ಗರಿಸುವುದು. ಆಮೇಲೆ ಕೂತಲ್ಲಿಂದ ಏಳುವುದಕ್ಕೆ ತೊಡೆಯ ಮೇಲೆ ಕೈ ಊರುವುದು. ಆಮೇಲೆ ಗೋಡೆ. ಆಮೇಲೆ ಚಾಪೆ.

ಮಾವನನ್ನು ಹಾಗೆ ಆರು ವರ್ಷ ಎತ್ತಿ ಕೂರಿಸಿದಳು. ಗಂಡ ಮಾರಪ್ಪನನ್ನು ಒಂಬತ್ತು ವರ್ಷ. ಮಾರಪ್ಪ ಹೋದ ಮೇಲೆ ಮೈದುನ ಹುಚ್ಚರಾಯಪ್ಪನ ಸರದಿ. ಅವನಿಗೆ ಹೆಂಡತಿ ಇರಲಿಲ್ಲ, ಅತ್ತಿಗೆಯೇ ಗತಿ. ಮೂವರನ್ನು ಎತ್ತಿ ಎತ್ತಿ ಅವಳ ಸೊಂಟ ಒಂದು ಕಡೆಗೆ ವಾಲಿಕೊಂಡಿತ್ತು. ಅಂಜನಾಪುರದ ನಾಲೆ ಹಾಯುವ ಆ ಊರಿನಲ್ಲಿ ಅವಳು ನಡೆದು ಬರುವುದನ್ನು ದೂರದಿಂದ ನೋಡಿದವರು, ಈ ರೋಗ ಅವಳಿಗೂ ಹತ್ತಿತೇನೋ ಅಂದುಕೊಳ್ಳುತ್ತಿದ್ದರು. ಅವಳಿಗೆ ಹತ್ತಿದ್ದು ದಣಿವು, ಅಷ್ಟೇ.

ಅವಳಿಗೆ ಮೂರು ಗಂಡು ಹುಟ್ಟಿ, ಮೂರೂ ಅಂಬೆಗಾಲಿಡುವ ಮೊದಲೇ ಜ್ವರ ಬಂದು ಹೋಗಿದ್ದವು. ನಾಲ್ಕನೆಯದು ಹುಟ್ಟಿದ್ದು ಸೊರಬದ ಕಡೆ, ಉಳವಿಯಲ್ಲಿ. ಭತ್ತದ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಮಂದೆ ನಿಲ್ಲಿಸುವುದಕ್ಕೆ ಅವರು ಪ್ರತಿ ವರ್ಷ ಆ ಸೀಮೆಗೆ ಹೋಗುತ್ತಿದ್ದರು. ಆ ಸಲ ಗದ್ದೆಯ ಗುಡಾರದಲ್ಲೇ ನೋವು ಬಂತು. ಪಕ್ಕದ ಮನೆಯ ಗುಡ್ಡಮ್ಮ ಓಡಿ ಬಂದು ಹೆರಿಗೆ ಮಾಡಿಸಿದಳು. ಹೆಣ್ಣು ಮಗು. ಹನುಮಮ್ಮ ಅದರ ಮುಖ ನೋಡದೆ ಗೋಣು ತಿರುಗಿಸಿಕೊಂಡಿದ್ದು ಕಂಡು ಗುಡ್ಡಮ್ಮ ಕೇಳಿದಳು.

“ಎಷ್ಟನೇದೇ ಇದು?”

“ನಾಕು. ಒಂದೂ ಉಳಿದಿಲ್ಲ.”

“ಹಾಗಾರೆ ನಿನ್ನ ಹೆಸರಿಗೆ ಬರೆದಿದ್ದನ್ನ ಸಾವು ಬಿಡೂದಿಲ್ಲ ಮಾರಾಯ್ತಿ. ನನ್ನವು ಏಳು ಇದಾವೆ, ಏಳೂ ಗುಂಡುಕಲ್ಲಿನ ಹಾಗೆ. ನನಗೆ ಮಾರು ಇದನ್ನ.”

ಮಗುವನ್ನು ಮೊರದಲ್ಲಿ ಮಲಗಿಸಿ ಗುಡ್ಡಮ್ಮನ ಹೊಸ್ತಿಲಿಗೆ ಒಯ್ದರು. ಗುಡ್ಡಮ್ಮ ಒಂದು ಬೊಗಸೆ ತೌಡು ಕೊಟ್ಟು ಕೊಂಡುಕೊಂಡಳು. ಆಮೇಲೆ, “ನನ್ನ ಮಗಳನ್ನ ಸಾಕಿ ಕೊಡು ಹನುಮಮ್ಮಾ, ನನಗೆ ಪುರುಸೊತ್ತಿಲ್ಲ” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ ತಿರುಗಿ ಅವಳ ಮಡಿಲಿಗೇ ಹಾಕಿದಳು. ಇದು ಎರಡೂ ಸೀಮೆಯಲ್ಲಿ ಇದ್ದ ಪದ್ಧತಿಯೇ. ಕಟ್ಟಳೆ ಒಂದೇ: ಹೆತ್ತವಳು ಯಾವತ್ತೂ ಬಾಯಿಬಿಟ್ಟು ‘ನನ್ನ ಮಗಳು’ ಅನ್ನಬಾರದು. ಅಂದ ದಿನ ವ್ಯಾಪಾರ ಮುರಿದ ಹಾಗೆ, ಸಾವು ಹಳೆಯ ಮನೆಗೆ ಬಂದ ಹಾಗೆ.

ಹನುಮಮ್ಮ ಅನ್ನಲಿಲ್ಲ. ಮಗು ಉಳಿಯಿತು. ಸುಮಾ ಎಂದು ಹೆಸರಿಟ್ಟರು. ಅವಳು ಹನುಮಮ್ಮನನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದೇ ಕರೆದು ಬೆಳೆದಳು. ಶಾಲೆಯ ದಾಖಲೆಯಲ್ಲೂ ಮೇಷ್ಟ್ರು ತಾಯಿ ಗುಡ್ಡಮ್ಮ, ಪೋಷಕ ಮಾರಪ್ಪ ಎಂದೇ ಬರೆದರು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ನಾಲೆಯ ಏರಿಯನ್ನು ಮೂರೇ ಹೆಜ್ಜೆಯಲ್ಲಿ ಹತ್ತುತ್ತಿದ್ದಳು.

ತೊಂಬತ್ತೆಂಟರ ಮಳೆಗಾಲ ಹಿಂದಾಗುತ್ತಿದ್ದಾಗ ಅಶ್ವಿನಿ ಬಂದಳು. ಶಿಕಾರಿಪುರ ಪೇಟೆಯ ಜವಳಿ ಅಂಗಡಿ ವೀರಬಸಪ್ಪನವರ ಮಗಳು, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಈ ಮನೆತನದ ಕಾಲಿನ ಸುದ್ದಿ ಅವಳಿಗೆ ಅಂಗಡಿಗೆ ಬರುವವರಿಂದ ಸಿಕ್ಕಿತ್ತಂತೆ. ಜೊತೆಯಲ್ಲಿ ಆಸ್ಪತ್ರೆಯ ಸಹಾಯಕ ಉಚ್ಚಂಗಪ್ಪ ಸೈಕಲ್ಲಿನ ಹಿಂದೆ ಒಂದು ಡಬ್ಬಿ ಕಟ್ಟಿಕೊಂಡು ಬಂದಿದ್ದ. ಡಬ್ಬಿಯ ತುಂಬ ಐಸ್‌ಕ್ಯಾಂಡಿ ಅಂಗಡಿಯಿಂದ ಒಡೆಸಿ ತಂದ ಮಂಜುಗಡ್ಡೆ.

ಅಶ್ವಿನಿ ಚಾಪೆಯ ಮೇಲೆ ಕೂತು ದೊಡ್ಡ ಹಾಳೆ ಹರವಿದಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಲು ಸೋತವರಿಗೆ ಒಳಗೆಲ್ಲ ಕಪ್ಪು. ಹನುಮಮ್ಮ ಐದು ತಲೆಮಾರು ಹೇಳಿದಳು. ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಯಾರು ಎಷ್ಟನೇ ವಯಸ್ಸಿಗೆ ಮೊದಲು ಮುಗ್ಗರಿಸಿದರು, ಒಂದೂ ಬಿಡಲಿಲ್ಲ.

“ಅಮ್ಮಾ, ನೀವು ನಮ್ಮ ಲ್ಯಾಬಲ್ಲಿ ಇರಬೇಕಿತ್ತು,” ಅಂದಳು ಅಶ್ವಿನಿ.

“ಕುರಿ ಯಾರು ಕಾಯ್ತಾರೆ ತಾಯಿ?”

ಗೋಡೆಗೆ ಒರಗಿದ್ದ ಹುಚ್ಚರಾಯಪ್ಪ ಬಾಯಿ ಹಾಕಿದ. “ನನ್ನ ಕಾಲು ಮೂವತ್ತೈದಕ್ಕೇ ಪೆನ್ಶನ್ ತಗಂಡಾವೆ. ನಿಮ್ಮ ರಕ್ತದ ಪರೀಕ್ಷೆ ಅವನ್ನ ವಾಪಸ್ ಕೆಲ್ಸಕ್ಕೆ ಕರುಸ್ತದೇನ್ರೀ ಮೇಡಮ್ಮೋರೆ?”

“ಕರೆಸಲ್ಲ ಮಾವ. ಸುಳ್ಳು ಹೇಳಲ್ಲ. ಯಾಕೆ ಹೋದವು ಅಂತ ಗೊತ್ತಾಗಬಹುದು, ಅಷ್ಟೇ.”

ಅವಳು ಬಿಡಿಸಿ ಹೇಳಿದಳು. ಮೈಯೊಳಗೆ ಜೀನು ಅಂತ ಸಾವಿರಾರು ಇರುತ್ತವೆ. ಜೀನು ಹೇಳಿಕಳಿಸುವುದು, ಪ್ರೋಟೀನು ಬಂದು ಕೆಲಸ ಮಾಡುವುದು. ಕಾಲಿನ ಮಾಂಸಖಂಡದಲ್ಲಿ ಯಾವುದೋ ಕೆಲಸದಾಳು ಬರುತ್ತಿಲ್ಲ, ಯಾವ ಜೀನು ಕರೆಯುವುದನ್ನು ಬಿಟ್ಟಿದೆ ಎಂದು ಒಂದೊಂದಾಗಿ ಹುಡುಕಿದರೆ ಜನ್ಮ ಸಾಲದು. ಈಗ ಹೊಸದೊಂದು ಬಂದಿದೆ. ಬೆರಳಗಲದ ಗಾಜು, ಅದರ ಮೇಲೆ ಸಾವಿರಾರು ಚುಕ್ಕಿ, ಚುಕ್ಕಿಗೊಂದು ಜೀನು. ರೋಗ ಇದ್ದವರ ರಕ್ತದಿಂದ ತೆಗೆದದ್ದಕ್ಕೆ ಕೆಂಪು ಬಣ್ಣ, ಇಲ್ಲದವರದಕ್ಕೆ ಹಸಿರು ಹಚ್ಚಿ ಎರಡನ್ನೂ ಆ ಗಾಜಿನ ಮೇಲೆ ಹೊಯ್ಯುತ್ತಾರೆ. ಇಬ್ಬರಲ್ಲೂ ಒಂದೇ ಸಮ ಇರುವ ಕಡೆ ಚುಕ್ಕಿ ಹಳದಿಯಾಗುತ್ತದೆ. ವ್ಯತ್ಯಾಸ ಇದ್ದಲ್ಲಿ ಕೆಂಪೋ ಹಸಿರೋ ಎದ್ದು ಕಾಣುತ್ತದೆ. ಮೈಕ್ರೋಅರೇ ಅಂತಾರೆ, ಹೊರದೇಶದ ಲ್ಯಾಬಿಗೆ ಕಳಿಸಬೇಕು ಎಂದಳು.

“ಎರಡು ಮಂದೆ ಕಲೆತು ಹೋದ್ರೆ ಬೆನ್ನಿನ ಮ್ಯಾಲಿನ ಬಣ್ಣ ನೋಡಿ ಬ್ಯಾರೆ ಮಾಡ್ತೀವಲ್ಲ, ಹಂಗೆ,” ಅಂದಳು ಹನುಮಮ್ಮ.

ಅಶ್ವಿನಿ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. “ಹಂಗೇ ಅಮ್ಮಾ. ನನಗೆ ಇಷ್ಟು ಸಲೀಸಾಗಿ ಯಾರೂ ಹೇಳಿಕೊಡಲಿಲ್ಲ.”

ಆಗಲೇ ಸುಮಾ ಚಹಾ ತಂದಳು.

“ಇವಳು?”

“ಉಳವಿ ಗುಡ್ಡಮ್ಮನ ಮಗಳು. ನಾ ಸಾಕ್ಕಂಡೀನಿ,” ಅಂದಳು ಹನುಮಮ್ಮ. ಹತ್ತೊಂಬತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿತ್ತು. ಹುಚ್ಚರಾಯಪ್ಪನೂ ತಿದ್ದಲಿಲ್ಲ. ಊರಿನವರಾಗಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಪೇಟೆಯ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದಳು. ನಂಬಿ ಖುಷಿಪಟ್ಟಳು. ಒಂದೇ ಮನೆ, ಒಂದೇ ನೀರು, ಒಂದೇ ರೊಟ್ಟಿ, ಆದರೆ ರಕ್ತ ಸಂಬಂಧವಿಲ್ಲ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಆರೋಗ್ಯವಂತೆ ಎಲ್ಲಿ ಸಿಗಬೇಕು? ಹುಚ್ಚರಾಯಪ್ಪನ ರಕ್ತ ಒಂದು ನಳಿಕೆಗೆ, ಸುಮಾಳದು ಇನ್ನೊಂದಕ್ಕೆ. ಉಚ್ಚಂಗಪ್ಪ ಚೀಟಿ ಅಂಟಿಸಿ ಡಬ್ಬಿಯಲ್ಲಿಟ್ಟ.

ಆಮೇಲೆ ಐದು ತಿಂಗಳು ಸುದ್ದಿಯಿಲ್ಲ. ಇತ್ತ ಸುಮಾಳಿಗೆ ಗಂಡು ಗೊತ್ತಾಯಿತು. ಹನುಮಮ್ಮನ ತಮ್ಮನ ಮಗ ಯತೀಶ, ಉಡುತಡಿಯಲ್ಲಿ ಮನೆ. ಮಾರಪ್ಪನ ಕಡೆಯ ನೆಂಟರಲ್ಲಿ ಮೂರು ಸಂಬಂಧ ತಾನಾಗಿ ಬಂದಿದ್ದರೂ ಹನುಮಮ್ಮ ಬೇಡವೆಂದಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ವೈಶಾಖಕ್ಕೆ ಮದುವೆ ಎಂದಾಯಿತು.

ಮಾಘದಲ್ಲಿ ಅಶ್ವಿನಿ ಮತ್ತೆ ಬಂದಳು. ಮುಖ ಇಳಿದುಹೋಗಿತ್ತು. ಅವಳ ಹಿಂದೆಯೇ ಉಚ್ಚಂಗಪ್ಪ ಸೈಕಲ್ಲನ್ನು ಅಂಗಳದಲ್ಲಿ ಬೀಳಿಸಿ ಹೊಸ್ತಿಲ ಹತ್ತಿರ ನಿಂತು, ಯಾರೂ ಕೇಳುವ ಮೊದಲೇ ಶುರುಮಾಡಿದ.

“ನನ್ನ ಮಕ್ಕಳಾಣೆಗೂ ನಾ ಅದಲು ಬದಲು ಮಾಡಿಲ್ಲ! ಇಪ್ಪತ್ತೆರಡು ವರ್ಷ ಸರ್ವೀಸು ನಂದು. ಒಂದೇ ತೋಳಿನ ರಕ್ತ ಎರಡು ನಳಿಕೆಗೆ ತುಂಬ್ಯಾನೆ ಅಂತ ಬರೆದಾರಂತೆ ನೋಡ್ರವ್ವಾ. ನೀವೇ ಹೇಳ್ರಿ, ನೀವೇ ಕಣ್ಣಾರೆ ಕಂಡೀರಿ.”

“ಕೂತ್ಕೋ ಮಾರಾಯ, ನಂಗಾದ್ರೆ ನಿಲ್ಲಾಕಾಗಲ್ಲ, ನಿಂಗೆ ಕೂರಾಕಾಗಲ್ವಾ?” ಅಂದ ಹುಚ್ಚರಾಯಪ್ಪ.

ಅಶ್ವಿನಿ ಒಂದು ಬಣ್ಣದ ಚಿತ್ರ ತೆಗೆದು ಹನುಮಮ್ಮನ ಕೈಗೆ ಕೊಟ್ಟಳು. ಸಾಲು ಸಾಲಾಗಿ ಚುಕ್ಕಿ. “ಇದು ಹೊಸನಗರದಲ್ಲಿರೋ, ಕಾಲು ಸೋತ ನಿಮ್ಮ ನೆಂಟರದು, ಅವರ ಪಕ್ಕದ ಮನೆಯವರ ಜೊತೆ ಇಟ್ಟು ನೋಡಿದ್ದು. ಈ ಹದಿನೇಳು ಚುಕ್ಕಿ ಹಸಿರಾಗಿವೆ ನೋಡಿ. ಇದು ಈ ಮಾವಂದು, ಸುಮಾ ಜೊತೆ. ಅದೇ ಹದಿನೇಳು. ಎಲ್ಲಾ ಹಳದಿ. ನಮ್ಮ ಗೈಡು ಕೂಗಾಡಿದರು. ವರ್ಷದ ಕೆಲಸ ಹಾಳು ಅಂದರು. ಇರಲಿ, ಈ ಸಲ ಸುಮಾ ಬೇಡ, ಬೇರೆ ಯಾರದಾದರೂ ತಗೋತೀನಿ. ಉಚ್ಚಂಗಪ್ಪನವರ ಮೇಲಿನ ವಿಚಾರಣೆ ಅದರ ಪಾಡಿಗೆ ಆಗುತ್ತೆ.”

ಹನುಮಮ್ಮ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಹಳದಿ ಅಂದರೆ ಏನೆಂದು ಅವಳಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಎರಡು ಮಂದೆಯಲ್ಲ ಇದು, ಒಂದೇ ಮಂದೆ. ಉಚ್ಚಂಗಪ್ಪ ಏನೂ ತಪ್ಪು ಮಾಡಿರಲಿಲ್ಲ. ಗಾಜೂ ತಪ್ಪು ಹೇಳಿರಲಿಲ್ಲ.

ಅವಳು ತಲೆಯೆತ್ತಿದಾಗ ಹುಚ್ಚರಾಯಪ್ಪ ಅವಳನ್ನೇ ನೋಡುತ್ತಿದ್ದ. ಅವನಿಗೂ ಹೊಳೆದಿತ್ತು. ಅಶ್ವಿನಿ ನೀರು ಕುಡಿಯಲು ಎದ್ದಾಗ ಅವನು ಮೆಲ್ಲಗೆ ಅಂದ, “ಅತ್ತಿಗೆ, ಸುಮ್ಕಿರಿ. ಮದ್ವಿ ಆಗೋಗ್ಲಿ. ಉಚ್ಚಂಗಿದು ಏನಾತದೆ, ಬೈತಾರೆ, ಬಿಡ್ತಾರೆ.”

ಸುಮ್ಮನಿರುವುದೇನು ಕಷ್ಟವಲ್ಲ. ಹತ್ತೊಂಬತ್ತು ವರ್ಷ ಇದ್ದವಳು. ಆದರೆ ಸುಮ್ಮನಿದ್ದರೆ ಹುಡುಗಿ ಏನೂ ತಿಳಿಯದೆ ಇನ್ನೊಂದು ಮನೆ ಸೇರುತ್ತಾಳೆ, ಹೆರುತ್ತಾಳೆ, ಒಂದು ದಿನ ಬದುವಿನ ಮೇಲೆ ಮುಗ್ಗರಿಸುತ್ತಾಳೆ. ಬಾಯಿಬಿಟ್ಟರೆ ತೌಡಿಗೆ ಮಾರಿ ಉಳಿಸಿಕೊಂಡದ್ದನ್ನು ತಾನೇ ಕೈಯಾರೆ ಸಾವಿಗೆ ತೋರಿಸಿಕೊಟ್ಟ ಹಾಗೆ. ಎರಡು ಕಡೆಯೂ ಒಂದೇ ಬಾವಿ. ಮೂವರನ್ನು ಹೊತ್ತ ಸೊಂಟ ಅವತ್ತು ನೊಂದಷ್ಟು ಯಾವತ್ತೂ ನೊಂದಿರಲಿಲ್ಲ.

ಅಂಗಳದಲ್ಲಿ ಸುಮಾ ಉಚ್ಚಂಗಪ್ಪನ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತಿದ್ದಳು. ಹನುಮಮ್ಮ ಅವಳನ್ನು ಒಳಗೆ ಕರೆದಳು. ಕರೆದು, ಅವಳ ಮುಖ ನೋಡದೆ, ಅಶ್ವಿನಿಯ ಹಾಳೆ ನೋಡುತ್ತ ಹೇಳಿದಳು.

“ತಾಯಿ, ಉಚ್ಚಂಗಪ್ಪಂದು ಏನೂ ತಪ್ಪಿಲ್ಲ. ನಾ ಸುಳ್ಳು ಬರೆಸಿದ್ದೆ. ಈಕೆ ಗುಡ್ಡಮ್ಮನ ಮಗಳಲ್ಲ. ಮಾರಪ್ಪಗೆ ನಾ ಹೆತ್ತಿದ್ದು. ನನ್ನ ಮಗಳು.”

ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ಏನೋ ಬಿದ್ದೀತು, ಯಾರೋ ಕೂಗಿಯಾರು ಎಂದು ಕಾದಳು. ಹಿತ್ತಲಲ್ಲಿ ಒಂದು ಮರಿ ಅರಚಿತು, ಅಷ್ಟೇ.

“ಇಷ್ಟೇನಾ?” ಅಂದಳು ಸುಮಾ. “ಇದು ಊರಿಗೆಲ್ಲ ಗೊತ್ತು. ನಾಕನೇ ಕ್ಲಾಸಲ್ಲೇ ನಂಗೆ ಹುಡುಗ್ರು ಹೇಳಿದ್ರು. ಊರಿಗೆಲ್ಲ ಗೊತ್ತಿರೋದು ಸಾವಿಗೊಂದು ಗೊತ್ತಿಲ್ಲ ಅನ್ಕಂಡಿದ್ದೆಯಾ?” ನಗಲು ಹೋದವಳು ಅಶ್ವಿನಿಯ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದಳು. ಅಶ್ವಿನಿ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ಅವಳ ಬೆರಳು ಹದಿನೇಳು ಚುಕ್ಕಿಯ ಮೇಲೆ ಒಂದೊಂದಾಗಿ ಸರಿಯುತ್ತಿತ್ತು.

“ಅಂದ್ರೆ ನಂಗೂ ಐತಾ?” ಸುಮಾ ಕೇಳಿದಳು.

“ಹಂಗೆ ಹೇಳೋಕೆ ಬರಲ್ಲಮ್ಮ. ಒಂದು ಗಾಜು ನೋಡಿ ಹೇಳಬಾರದು. ಇನ್ನೊಂದು ಸಲ ನೋಡಬೇಕು, ನೀನು ಒಪ್ಪಿದರೆ. ನೋಡಿದ್ದನ್ನ ನಿನಗೆ ಹೇಳಬೇಕೋ ಬೇಡವೋ ಅದೂ ನಿನ್ನ ಇಷ್ಟ.”

ಉಚ್ಚಂಗಪ್ಪ ಗೆದ್ದವನ ಹಾಗೆ ಬೀಗಲಿಲ್ಲ. ಮೂಲೆಯಲ್ಲಿ ಕೂತು ಟೋಪಿಯಿಂದ ಮುಖ ಒರೆಸಿಕೊಂಡ. ಸುಮಾ ತಾನೇ ಅವನ ಮುಂದೆ ಹೋಗಿ ತೋಳು ಚಾಚಿದಳು. ಮಾವನಿಗೆ, ಗಂಡನಿಗೆ, ಮೈದುನನಿಗೆ ಸೂಜಿ ಚುಚ್ಚುವುದನ್ನು ರೆಪ್ಪೆ ಮಿಟುಕಿಸದೆ ನೋಡಿದ್ದ ಹನುಮಮ್ಮ ಅವತ್ತು ಎದ್ದು ಹಿತ್ತಲಿಗೆ ಹೋದಳು.

ಸುಮಾ ಯತೀಶನಿಗೆ ತಾನೇ ಹೇಳಿಕಳಿಸಿದಳು: ಕಾಗದ ಬರಲಿ, ಓದಿ ಹೇಳುತ್ತೇನೆ, ಆಮೇಲೆ ನಿನ್ನ ತೀರ್ಮಾನ. ಯತೀಶನ ತಾಯಿ ಕಾಯಲಿಲ್ಲ. ವೈಶಾಖದಲ್ಲಿ ಅವನ ಮದುವೆ ಬೇರೆ ಕಡೆ ಆಯಿತು. ತಮ್ಮನ ಮನೆಯ ಮದುವೆಗೆ ಹನುಮಮ್ಮ ಹೋಗಿ ಊಟ ಮಾಡಿ ಬಂದಳು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

ಕಾಗದ ಬಂದದ್ದು ಆಷಾಢದಲ್ಲಿ. ಸುಮಾ ಹೊರಗಿನ ಕಟ್ಟೆಯ ಮೇಲೆ ಕೂತು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಹದಿನೇಳರಲ್ಲಿ ಹದಿನೇಳೂ ಹುಚ್ಚರಾಯಪ್ಪನ ಹಾಗೆಯೇ. ಇಷ್ಟು ದಿನ ಕಾಲು ಸೋತವರಲ್ಲಿ ಮಾತ್ರ ಕಂಡದ್ದು ಈಗ ಸೋಲುವ ಮೊದಲೇ ಕಂಡಿರುವುದು ಇದೇ ಮೊದಲು. ಯಾವಾಗ ಶುರುವಾಗುತ್ತದೋ, ಶುರುವಾಗುತ್ತದೋ ಇಲ್ಲವೋ ಖಂಡಿತವಾಗಿ ಹೇಳಲು ಈಗ ಯಾರಿಂದಲೂ ಆಗದು. ನಿನ್ನ ರಕ್ತದಿಂದ ಮುಂದಿನವರಿಗೆ ಉಪಕಾರವಾದೀತು.

“ಔಷಧಿ?”

“ಇನ್ನೂ ಇಲ್ಲ ಅಂತ ಬರೆದಾಳೆ.”

“ಔಷಧಿ ಇಲ್ದಿದ್ಮ್ಯಾಲೆ ಇದನ್ಯಾಕೆ ಬರೆದ್ಲು ಆಕಿ?” ಹನುಮಮ್ಮ ಕೇಳಿದಳು.

“ಬರೀರಿ ಅಂತ ನಾನೇ ಹೇಳಿದ್ದೆ,” ಅಂದಳು ಸುಮಾ. ಕಾಗದ ಮಡಿಸಿ ರವಿಕೆಯೊಳಗಿಟ್ಟು, ಒಳಗೆ ಹೋಗಿ ಚಿಕ್ಕಪ್ಪನ ಕಂಕುಳಿಗೆ ಕೈ ಕೊಟ್ಟಳು. “ಚಿಕ್ಕಪ್ಪಾ, ಏಳು. ಇವತ್ತಿಂದ ನಾ ಎತ್ತತೀನಿ. ಹೆಂಗೆ ಎತ್ತಬೇಕು ಅಂತ ಕಲ್ತಿರ್ಬೇಕು, ನಾಳೆ ನನ್ನ ಎತ್ತೋರಿಗೆ ಹೇಳಿಕೊಡಾಕೆ.”